ಕಿಟಕಿ ಚಿಹ್ನೆಯ ನೂರನಲವತ್ತು ಕುಶನ್

ವಾದಿ ಅದಾಯ್, ಮಸ್ಕತ್
12 ಆಗಸ್ಟ್ 2023

ಪ್ರಣೀತಾ,

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ಎಂತ ಹೇಳುವುದು. ಸೂಜಿ ಕೊಡು, ಕತ್ತರಿ ಕೊಡು, ಹಿಡಿಯುತ್ತೇನೆ. ಇದು ಬೆರಳಿನಲ್ಲಿ ನಿಲ್ಲುವುದಿಲ್ಲ. "ಫೋನಲ್ಲಿ ನೀವು ಬೈದು ಇಡ್ತೀರಿ ಮಾವ, ನಾನು ಹೇಳ್ಲಿಕ್ಕಿದ್ದದ್ದು ಬಾಕಿ ಆಗ್ತದೆ. ಇನ್ನು ಎಂತ ಇದ್ರೂ ಬರ್ದು ಕಳಿಸಿ" ಅಂತ ಹೇಳಿ ಫೋನು ಇಟ್ಟವಳು ನೀನು. ಹದಿನೈದು ದಿನ ನಾನೂ ಹಟ ಹಿಡಿದು ಕೂತೆ. ಈಗ ನಿನ್ನ ಅತ್ತೆ ಕುಸುಮ ಎದುರಿಗೆ ಕೂತಿದ್ದಾಳೆ. ಬರೆದು ಮುಗಿಸದೆ ಚಾ ಇಲ್ಲವಂತೆ. ಬರೆದದ್ದನ್ನು ಶಾಫಿ ಫೋಟೋ ತೆಗೆದು ನಿನ್ನ ಫೋನಿಗೆ ಹಾಕುತ್ತಾನೆ. ಹದಿನೆಂಟು ವರ್ಷದಿಂದ ನನ್ನ ಪಕ್ಕದ ಮಿಷನ್ನಿನಲ್ಲಿ ಕಾರಿನ ಸೀಟ್ ಕವರ್ ಹೊಲಿಯುತ್ತಿರುವವನು, ಅವನೂ ಓದುತ್ತಾನೆ. ಓದಲಿ.

ನೀನು ಚುನಾವಣೆಗೆ ನಿಲ್ಲುವ ಸುದ್ದಿ ನಿನ್ನಿಂದ ಬರಲಿಲ್ಲ. ಇಲ್ಲಿಯ ಸೊಹಾರ್ ಪೇಟೆಯಲ್ಲಿರುವ ನಮ್ಮ ಊರಿನ ವಿಶಾಲನ ಹೆಂಡತಿ ಫೇಸ್‌ಬುಕ್ಕಿನಲ್ಲಿ ನೋಡಿ ಕುಸುಮನಿಗೆ ಹೇಳಿದ್ದು. ತಾಯಿ ಸತ್ತ ಹುಡುಗಿಯನ್ನು ಹತ್ತನೇ ಕ್ಲಾಸಿನಿಂದ ಸಾಕಿದ್ದು ನಾವು. ನಮ್ಮಲ್ಲಿ ಹುಡುಗಿಯ ತಾಯಿಯ ಅಣ್ಣ ಅಂದರೆ ಯಾರು ಅಂತ ನಿನಗೆ ಗೊತ್ತುಂಟು. ಮದುವೆಗೂ ಅವನ ಒಪ್ಪಿಗೆ, ಮನೆ ಮಾರುವುದಕ್ಕೂ ಅವನ ಒಪ್ಪಿಗೆ. ಆ ಮಾವನಿಗೆ ಸೊಹಾರಿನಿಂದ ಸುದ್ದಿ ಬರುವುದು.

ಈಗ ಕೇಳುತ್ತೇನೆ, ಸರಿಯಾಗಿ ಉತ್ತರ ಕೊಡು. ಡಾಕ್ಟರ್ ಓದಲು ಮೊಲ್ಡೋವಾಕ್ಕೆ ಹೋದವಳು ಓದಿ ಬರಬೇಕಿತ್ತು. ಬರಲಿಲ್ಲ, ಅಲ್ಲೇ ಮದುವೆಯಾದೆ, ಅದನ್ನೂ ನುಂಗಿದೆವು. ಈಗ ಆ ಹಳ್ಳಿಯ ಪಂಚಾಯತಿಯಲ್ಲಿ ಕಿನ್ನಿಗೋಳಿಯ ಹುಡುಗಿಗೆ ಎಂತ ಕೆಲಸ? ಅಲ್ಲಿ ಚುನಾವಣೆಗೆ ನಿಲ್ಲಬೇಕಾದರೆ ಆ ದೇಶದ ಪ್ರಜೆ ಆಗಬೇಕು ಅಂತ ಶಾಫಿ ಹೇಳುತ್ತಾನೆ. ಹಾಗಾದರೆ ನಮ್ಮ ಪಾಸ್‌ಪೋರ್ಟು ಎಲ್ಲಿ? ಅದನ್ನು ವಾಪಸು ಕೊಟ್ಟೆಯಾ? ಮೊದಲು ಇದಕ್ಕೆ ಉತ್ತರ ಬೇಕು.

ನಿನ್ನ ಪಕ್ಷದಲ್ಲಿ ಊರಿಗೆ ಏಳು ಜನ ಅಂತೆ. ಫೋಟೋ ನೋಡಿದೆ. ಏಳು ಜನ ಅಂದರೆ ಒಂದು ಇನ್ನೋವಾ ಕಾರು. ಹಿಂದಿನ ಸೀಟು ಸ್ವಲ್ಪ ಇಕ್ಕಟ್ಟಾಗುತ್ತದೆ ಅಷ್ಟೆ. ಚಿಹ್ನೆ ಕಿಟಕಿಯಂತೆ. ಕಿಟಕಿಯಿಂದ ಗಾಳಿ ಬರುತ್ತದೆ ಮಾರಾಯ್ತಿ, ವೋಟು ಬರುವುದಿಲ್ಲ.

ಇಲ್ಲೇ ಹತ್ತಿರ ಅಲ್ ಖೌದಿನ ಒಂದು ಕ್ಲಿನಿಕ್ಕಿಗೆ ಲೇಡಿ ಡಾಕ್ಟರು ಬೇಕು ಅಂತ ಉಂಟು. ಕನ್ನಡ, ತುಳು ಬರುವವರಾದರೆ ಇನ್ನೂ ಒಳ್ಳೆಯದಂತೆ. ನಾನು ಮಾತಾಡಿ ಇಟ್ಟಿದ್ದೇನೆ. ಬೇಗ ಬರೆ. ಚಾ ಬಂತು.

ಕೊಗ್ಗ ಮಾವ

*

ನುಚೇನಿ, ಮೊಲ್ಡೋವಾ
27 ಆಗಸ್ಟ್ 2023

ಪ್ರೀತಿಯ ಮಾವ,

ನಿಮ್ಮ ಅಕ್ಷರವನ್ನು ನಾನು ನೋಡಿದ್ದು ಇದೇ ಮೊದಲು. ಫೋನಿನಲ್ಲಾದರೆ ಮೊದಲ ಬೈಗುಳಕ್ಕೇ ನಾನು ಹೂಂ ಅಂದುಬಿಡುತ್ತೇನೆ, ನೀವು ಗೆದ್ದಿರಿ ಅಂದುಕೊಳ್ಳುತ್ತೀರಿ. ಕಾಗದದಲ್ಲಿ ನಾನು ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಬಹುದು.

ಸುದ್ದಿಯನ್ನು ನಾನೇ ಹೇಳಬೇಕಿತ್ತು. ಅದು ನನ್ನ ತಪ್ಪು. ಹೇಳಿದರೆ ನೀವು "ಬೇಡ" ಅನ್ನುತ್ತಿದ್ದಿರಿ. ಬೇಡ ಅಂದ ಮೇಲೆ ಮಾಡುವ ಧೈರ್ಯ ನನಗಿಲ್ಲ, ಅದಕ್ಕೇ ಹೇಳಲಿಲ್ಲ.

ನುಚೇನಿಯಲ್ಲಿ ಶಾಲೆ ಮುಚ್ಚಿ ಆರು ವರ್ಷವಾಯಿತು. ಅಂಚೆ ಕಚೇರಿ ವಾರಕ್ಕೆ ಒಂದು ದಿನ. ಉಳಿದದ್ದು ನನ್ನ ಎರಡು ಕೋಣೆಯ ಆಸ್ಪತ್ರೆ ಮಾತ್ರ. ನಾನು, ಒಬ್ಬ ನರ್ಸ್, ಒಂದು ಹಳೆಯ ಕಬ್ಬಿಣದ ಒಲೆ. ನಾಲ್ಕು ಹಳ್ಳಿಗೆ ಇದೊಂದೇ. ಅದನ್ನೂ ಮುಚ್ಚಿ, ಕಟ್ಟಡವನ್ನು ದ್ರಾಕ್ಷಿ ವ್ಯಾಪಾರಿಗೆ ಗೋದಾಮಿಗೆ ಕೊಡಬೇಕು ಅಂತ ಊರಿನ ಕೌನ್ಸಿಲಿನಲ್ಲಿ ಮಾತಿದೆ. ಡಿಸೆಂಬರಿನಲ್ಲಿ ಕೈ ಎತ್ತುತ್ತಾರೆ. ಕೌನ್ಸಿಲಿಗೆ ಒಂಬತ್ತು ಸದಸ್ಯರು. ಈಗ ಮುಚ್ಚಬೇಕು ಎನ್ನುವವರು ಐವರು, ಬೇಡ ಎನ್ನುವವರು ನಾಲ್ವರು. ನವೆಂಬರ್ ಐದರ ಚುನಾವಣೆಯಲ್ಲಿ ಒಂದು ಸೀಟು ಈ ಕಡೆ ಬಂದರೆ ಆಸ್ಪತ್ರೆ ಉಳಿಯುತ್ತದೆ. ನನಗೆ ಬೇಕಾದದ್ದು ಆ ಒಂದು ಸೀಟು.

ದೇಶ ಯುರೋಪಿನ ಜೊತೆ ಸೇರಬೇಕು ಅನ್ನುವ ದೊಡ್ಡ ಪಕ್ಷಗಳು ಇಲ್ಲಿವೆ. ಅವರಿಗೆ ನಮ್ಮ ಊರು ಕಾಣುವುದಿಲ್ಲ. ನಮ್ಮದು ಸಣ್ಣದು, ಹೆಸರು "ತೆರೆದ ಕಿಟಕಿ". ನಿವೃತ್ತ ಮೇಷ್ಟ್ರು, ಜೇನು ಸಾಕುವವರು, ಬಸ್ ಡ್ರೈವರ್, ಇಂಥವರು. ಹಳ್ಳಿಯ ಆಸ್ಪತ್ರೆಗಳಿಗೆ ಯುರೋಪಿನಿಂದ ನೆರವು ಸಿಗುತ್ತದೆ, ಆದರೆ ಕೌನ್ಸಿಲು ಅರ್ಜಿ ಹಾಕಬೇಕು. ಈಗಿನವರು ಹಾಕುವುದಿಲ್ಲ. ಯುರೋಪು ಬಂದರೆ ಮನೆಯಲ್ಲಿ ಹಂದಿ ಕಡಿಯಲು ಬಿಡುವುದಿಲ್ಲ, ವೈನ್ ಮಾಡಲು ಬಿಡುವುದಿಲ್ಲ ಅಂತ ಮನೆಮನೆಗೆ ಹೇಳಿ ಹೆದರಿಸಿದ್ದಾರೆ.

ಇಲ್ಲಿಯೂ ಗಲ್ಫಿನ ಹಾಗೇ ಮಾವ. ದುಡಿಯುವ ವಯಸ್ಸಿನವರೆಲ್ಲ ಇಟಲಿಯಲ್ಲಿ. ಪ್ರತಿ ಭಾನುವಾರ ಅಲ್ಲಿಂದ ಒಂದು ವ್ಯಾನ್ ಪೆಟ್ಟಿಗೆ ಹೊತ್ತು ಬರುತ್ತದೆ. ಆಸ್ಪತ್ರೆಯ ಎದುರಿನ ಸಿಮೆಂಟ್ ಬೆಂಚಿನ ಮೇಲೆ ಮುದುಕಿಯರು ಬೆಳಗ್ಗೆಯಿಂದ ಕಾಯುತ್ತಾರೆ. ಪಕ್ಕದ ಮನೆಯ ಡೀನಾ ಅಜ್ಜಿಗೆ ಎಂಬತ್ತೊಂದು. ಚಳಿ ತಟ್ಟಬಾರದೆಂದು ಪ್ಲಾಸ್ಟಿಕ್ ಚೀಲ ಮಡಚಿ ಅದರ ಮೇಲೆ ಕೂರುತ್ತಾರೆ. ಪೆಟ್ಟಿಗೆ ಬಂದವರು ಆ ವಾರ ತಲೆ ಎತ್ತಿ ನಡೆಯುತ್ತಾರೆ, ಬಾರದವರು ಬಾಗಿಲು ಹಾಕಿಕೊಳ್ಳುತ್ತಾರೆ. ವೋಟು ಯಾರಿಗೆ ಅಂತ ಕೇಳಿದರೆ ಡೀನಾ ಅಜ್ಜಿ, "ಪೆಟ್ಟಿಗೆ ಕಳಿಸುವವರಿಗೆ" ಅಂದರು. ನನಗೆ ನಗು ಬರಲಿಲ್ಲ.

ಪಾಸ್‌ಪೋರ್ಟಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಕಾಗದಪತ್ರ ಎಲ್ಲ ಸರಿಯಿದೆ. ನಿಮ್ಮ ಅಳಿಯ ಆಂದ್ರೇಯ್ ಕೂಡ ಇಟಲಿಯಲ್ಲೇ ಇದ್ದಾನೆ, ಕೆಲಸ ಜಾಸ್ತಿ. ಅಲ್ ಖೌದಿಗೆ ಬರಲಾಗುವುದಿಲ್ಲ ಅಂತ ಅವರಿಗೆ ಹೇಳಿಬಿಡಿ.

ನಿಮ್ಮ ಪ್ರಣೀತಾ

*

ವಾದಿ ಅದಾಯ್
14 ಸೆಪ್ಟೆಂಬರ್ 2023

ಪ್ರಣೀತಾ,

ಕುಸುಮ ಎರಡು ಸಲ ಓದಿ ಹೇಳಿದಳು. ಪಾಸ್‌ಪೋರ್ಟಿನ ಮಾತು ನೀನು ಹಾರಿಸಿದ್ದು ನನಗೆ ಗೊತ್ತಾಯ್ತು. ಅದು ಹಾಗೇ ಇರಲಿ, ಬಿಡುವುದಿಲ್ಲ.

ನಿನಗೆ ಓದು ಬಂತು, ಬುದ್ಧಿ ಬರಲಿಲ್ಲ. ಆ ಅಜ್ಜಿ ಬಾಯಿ ಬಿಟ್ಟು ಹೇಳಿದ್ದಾಳೆ, ನೀನು ಕಿವಿಗೆ ಹಾಕಿಕೊಂಡಿಲ್ಲ. ನಾನು ಎರಡು ವರ್ಷಕ್ಕೊಮ್ಮೆ ಕಿನ್ನಿಗೋಳಿಗೆ ಪೆಟ್ಟಿಗೆ ಕಟ್ಟುತ್ತಿದ್ದುದು ನಿನಗೆ ನೆನಪುಂಟಲ್ಲ. ಹಾಲಿನ ಪುಡಿ, ಟ್ಯಾಂಗ್, ಸೆಂಟು, ಖರ್ಜೂರ, ಹೊದಿಕೆ. ಮೇಲೆ ಮಾರ್ಕರಿನಲ್ಲಿ ಹೆಸರು ಬರೆಯಲು ನೀನೇ ಕೂರುತ್ತಿದ್ದೆ. ನೀನು ನಮ್ಮಲ್ಲಿಗೆ ಬರುವ ಮೊದಲು ಒಂದು ವರ್ಷ ಬೀದಿಯ ಕೊನೆಯ ಒಂದು ಮನೆ ಬಿಟ್ಟು ಹೋಯಿತು. ಬೇಕಂತ ಬಿಟ್ಟದ್ದಲ್ಲ, ಮರೆತದ್ದು. ನಿನ್ನ ಅಮ್ಮ ಸತ್ತಾಗ ಬೊಜ್ಜದ ಊಟಕ್ಕೆ ಆ ಮನೆಯಿಂದ ಒಂದು ಕಾಗೆಯೂ ಬರಲಿಲ್ಲ. ಮನುಷ್ಯರು ಎಲ್ಲ ಕಡೆಯೂ ಒಂದೇ. ಯುರೋಪು, ಕಿಟಕಿ, ಅರ್ಜಿ ಅಂತ ನೀನು ಭಾಷಣ ಮಾಡುತ್ತಿ. ಅವರ ಬೆನ್ನಿಗೆ ಚಳಿ ಹೊಡೆಯುತ್ತಾ ಉಂಟು.

ಇಲ್ಲಿ ಪಕ್ಷ ಎಂಬುದೇ ಇಲ್ಲ. ಮುಂದಿನ ತಿಂಗಳು ಶೂರಾ ಚುನಾವಣೆ, ಶೂರಾ ಅಂದರೆ ಇಲ್ಲಿಯ ಪಾರ್ಲಿಮೆಂಟು, ನಿಲ್ಲುವವರು ಅವರವರ ಹೆಸರಿನಲ್ಲಿ ನಿಲ್ಲುತ್ತಾರೆ. ನಮ್ಮ ವೀಸಾ, ಅಂಗಡಿ ಎಲ್ಲ ಯಾರ ಹೆಸರಿನಲ್ಲಿ ಉಂಟೋ ಆ ಒಮಾನಿ ಕಫೀಲನ ಹತ್ತಿರ ನಿನ್ನ ವಿಷಯ ಹೇಳಿದೆ. ಬಿದ್ದು ಬಿದ್ದು ನಕ್ಕ. ನಂತರ, "ಗೆಲ್ಲಬೇಕು ಅಂತ ಉಂಟಾ, ನಿಲ್ಲಬೇಕು ಅಂತ ಉಂಟಾ ಅಂತ ನಿನ್ನ ಸೊಸೆಯನ್ನು ಕೇಳು" ಅಂದ. ನಾನು ಕೇಳುವುದಿಲ್ಲ, ನನಗೆ ಗೊತ್ತುಂಟು.

ಇನ್ನು ಕೆಲವು ಕೇಳುತ್ತೇನೆ. ಊರಿನಲ್ಲಿ ಜನ ಇರುವ ಮನೆ ಎಷ್ಟು? ಪಕ್ಷದ ಬಣ್ಣ ಯಾವುದು, ಸರಿಯಾದ ಬಣ್ಣ ಹೇಳು, ನೀಲಿ ಅಂದರೆ ಹತ್ತು ನೀಲಿ ಉಂಟು. ಆ ಕಿಟಕಿಯ ಚಿತ್ರ ದೊಡ್ಡದಾಗಿ ಬರೆದು ಕಳಿಸು. ಆ ಸಿಮೆಂಟ್ ಬೆಂಚು ಎಷ್ಟು ಅಗಲ? ಯಾಕೆ ಅಂತ ಕೇಳಬೇಡ. ತಿಳಿದುಕೊಳ್ಳಬೇಕು ಅಂತ ಅನಿಸಿತು, ಕೇಳಿದೆ.

ಕುಸುಮ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸುತ್ತಾಳಂತೆ. ವಿಳಾಸ ಬರೆ.

ಕೊಗ್ಗ ಮಾವ

*

ನುಚೇನಿ
24 ಸೆಪ್ಟೆಂಬರ್ 2023

ಪ್ರೀತಿಯ ಮಾವ,

ಈ ಕಾಗದವನ್ನು ನಾನು ಇಟ್ಟುಕೊಳ್ಳುತ್ತೇನೆ. ಹುಟ್ಟಿದಂದಿನಿಂದ ನೀವು ನನಗೆ ಹೇಳಿದ್ದೇ ಹೊರತು ಕೇಳಿದ್ದಿಲ್ಲ. ಮೊದಲ ಸಲ ಕೇಳಿದ್ದೀರಿ, ಅದೂ ಬೆಂಚಿನ ಅಗಲ. ನನ್ನ ಊರು ಹೇಗಿದೆ ಅಂತ ಕಣ್ಣಿಗೆ ತಂದುಕೊಳ್ಳಲು ನೋಡುತ್ತಿದ್ದೀರಿ ಅಂತ ನನಗೆ ಅರ್ಥವಾಯಿತು.

ಎಲ್ಲದಕ್ಕೂ ಉತ್ತರ ಬರೆಯುತ್ತೇನೆ. ಜನ ಇರುವ ಮನೆ ನೂರನಲವತ್ತು. ಬೀಗ ಹಾಕಿದವು ಅದಕ್ಕಿಂತ ಹೆಚ್ಚು. ಬಣ್ಣ ನೀಲಿ, ನಮ್ಮ ಶಾಲೆಯ ಸಮವಸ್ತ್ರದ ಲಂಗದ ನೀಲಿ, ನಿಮಗೆ ನೆನಪಿದ್ದರೆ. ಕಿಟಕಿ ಹಳದಿ, ಒಂದು ಬಾಗಿಲು ತೆರೆದದ್ದು, ಒಂದು ಮುಚ್ಚಿದ್ದು. ಚಿತ್ರ ಇದರ ಜೊತೆಗಿದೆ, ಮೇಷ್ಟ್ರು ಬರೆದುಕೊಟ್ಟರು. ಮುಚ್ಚಿದ ಬಾಗಿಲು ಯಾಕೆ ಅಂತ ಕೇಳಿದರೆ, ಚಳಿಗಾಲವೂ ಬರುತ್ತದಲ್ಲ ಅನ್ನುತ್ತಾರೆ. ಬೆಂಚಿನ ಅಗಲ ನನ್ನ ಗೇಣಿನಲ್ಲಿ ಎರಡು ಗೇಣು.

ದಿನಾ ಸಂಜೆ ಆಸ್ಪತ್ರೆ ಮುಗಿಸಿ ಮನೆಮನೆಗೆ ಹೋಗುತ್ತಿದ್ದೇನೆ. ಬಿಪಿ ನೋಡುತ್ತೇನೆ, ಆಮೇಲೆ ಪಕ್ಷದ ಮಾತು ಎತ್ತುತ್ತೇನೆ. ಬಿಪಿ ನೋಡುವಾಗ ಎಲ್ಲರೂ ಕೈ ಕೊಡುತ್ತಾರೆ, ಪಕ್ಷದ ಮಾತಿಗೆ ತೋಳು ಇಳಿಸಿಕೊಳ್ಳುತ್ತಾರೆ. ಆದರೂ ಎಣಿಸಿದ್ದೇನೆ ಮಾವ. ನಲವತ್ತು ಜನ ನನಗೆ ಹಾಕುತ್ತಾರೆ. ಒಂದು ಸೀಟಿಗೆ ಅಷ್ಟು ಸಾಕು.

ಕಳೆದ ವಾರ ಎದುರು ಪಕ್ಷದವರು ಮನೆಗೆ ಎರಡು ಕಿಲೋ ಸಕ್ಕರೆ, ಒಂದು ಬಾಟಲಿ ಎಣ್ಣೆ ಹಂಚಿದರು. ನಾವು ದೂರು ಕೊಟ್ಟೆವು, ಅವರಿಗೆ ಎಚ್ಚರಿಕೆ ಬಂತು. ಬರಿಗೈಯಲ್ಲಿ ಬರುವವರು ನಾವು ಮಾತ್ರ ಅಂತ ಈಗ ಊರಿಗೆಲ್ಲ ಗೊತ್ತು. ನಮಗಿರುವ ಹೆಮ್ಮೆ ಅದೊಂದೇ.

ಉಪ್ಪಿನಕಾಯಿಯನ್ನು ಡೀನಾ ಅಜ್ಜಿಯ ಹೆಸರಿಗೆ ಕಳಿಸಿ, ನಾನು ಮನೆಯಲ್ಲಿ ಸಿಗುವುದಿಲ್ಲ. ವಿಳಾಸ ಕೆಳಗಿದೆ. ಅತ್ತೆಗೆ ಹೇಳಿ, ಖಾರ ಕಡಿಮೆ ಮಾಡಬೇಡಿ.

ಪ್ರಣೀತಾ

*

ವಾದಿ ಅದಾಯ್
10 ಅಕ್ಟೋಬರ್ 2023

ಪ್ರಣೀತಾ,

ಉದ್ದ ಬರೆಯಲು ಪುರುಸೊತ್ತಿಲ್ಲ. ಹಗಲಿಡೀ ಮಿಷನ್ನಿನ ಮೇಲೆ ಇದ್ದೇನೆ, ಬೆನ್ನು ನೆಟ್ಟಗಾಗುವುದಿಲ್ಲ. ಶಾಫಿಯೂ ಕೂತಿದ್ದಾನೆ, ಗೊಣಗುತ್ತಾನೆ. ಅವನ ಗೊಣಗಾಟ ಬೇರೆ ವಿಷಯ.

ಎದುರಿನವರು ಸಕ್ಕರೆ ಕೊಟ್ಟರೆ ನೀನು ಬರಿಗೈ ತೋರಿಸುತ್ತಿ. ಹೆಮ್ಮೆಯಂತೆ. ಬರಿಗೈಯಲ್ಲಿ ಹೋದವನನ್ನು ಯಾರ ಮನೆಯಲ್ಲಿ ಕೂರಿಸುತ್ತಾರೆ?

ಕುಸುಮನ ಉಪ್ಪಿನಕಾಯಿ ಏರ್ ಕಾರ್ಗೋದಲ್ಲಿ ಹೋಗುತ್ತದೆ, ಆ ಅಜ್ಜಿಯ ಹೆಸರಿಗೆ. ಪಾರ್ಸೆಲು ಸ್ವಲ್ಪ ದೊಡ್ಡದು. ಅಜ್ಜಿಗೆ ಮನೆಯಲ್ಲಿ ಜಾಗ ಮಾಡಿಡಲು ಹೇಳು. ಬಂದಾಗ ನೋಡುವಿಯಂತೆ.

ಹೇಳಲು ಮರೆತೆ, ಆ ನೀಲಿ ಸಿಕ್ಕಿತು. ರುವಿ ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ.

ಕೊಗ್ಗ ಮಾವ

*

ವಾದಿ ಅದಾಯ್
1 ನವೆಂಬರ್ 2023

ಪ್ರಣೀತಾ,

ಪಾರ್ಸೆಲು ಇಪ್ಪತ್ತೊಂದನೇ ತಾರೀಕಿಗೆ ಮುಟ್ಟಿದೆ ಅಂತ ಕಾರ್ಗೋದವ ಹೇಳುತ್ತಾನೆ. ಅಜ್ಜಿ ಸಹಿ ಮಾಡಿದ್ದಾಳೆ. ಹತ್ತು ದಿನವಾಯಿತು. ನಿನ್ನಿಂದ ಒಂದು ಅಕ್ಷರ ಇಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ.

ಗೆದ್ದ ಮೇಲೆ ಮಾವ ಬೇಡವಾಗುತ್ತಾನೆ ಅಂತ ಕೇಳಿದ್ದೆ, ನಿನಗೆ ಗೆಲ್ಲುವ ಮೊದಲೇ ಬೇಡವಾದೆನಾ? ನೂರನಲವತ್ತು ಕುಶನ್ ಅಂದರೆ ಆಟ ಅಲ್ಲ. ಒಳಗೆ ಒಳ್ಳೆಯ ಫೋಮು, ಕಾರಿಗೆ ಹಾಕುವುದು. ಮೇಲೆ ನೀರು ಇಳಿಯದ ರೆಕ್ಸಿನ್. ನಾಲ್ಕು ಮೂಲೆಗೆ ಎರಡೆರಡು ಹೊಲಿಗೆ. ಕಿಟಕಿಯನ್ನು ನಾನೇ ಕತ್ತರಿಸಿದ್ದು, ಒಂದೊಂದೂ ಕೈಯಲ್ಲಿ. ಎರಡು ಗೇಣಿನ ಬೆಂಚಿಗೆ ಸರಿಯಾಗಿ ಕೂರುವ ಹಾಗೆ. ಒಂದೊಂದರ ಒಳಗೆ ಚೀಟಿ ಇಟ್ಟಿದ್ದೇವೆ, ಶಾಫಿ ಫೋನಿನಲ್ಲಿ ಅವರ ಭಾಷೆಗೆ ತಿರುಗಿಸಿದ್ದು: "ಪ್ರಣೀತಾಳ ಮಾವ, ಒಮಾನಿನಿಂದ. ಬೆಚ್ಚಗೆ ಕೂತುಕೊಳ್ಳಿ. ಕಿಟಕಿಗೆ ವೋಟು ಹಾಕಿ." ಒಂದು ಮನೆಯೂ ಬಿಟ್ಟು ಹೋಗಬಾರದು ಅಂತ ಅಜ್ಜಿಗೆ ಬೇರೆ ಚೀಟಿ ಬರೆದಿದ್ದೇನೆ.

ಮೊನ್ನೆ ಭಾನುವಾರ ಇಲ್ಲಿ ಶೂರಾ ಚುನಾವಣೆ ಆಯಿತು. ಕಫೀಲ್ ನಮ್ಮ ಅಂಗಡಿಯಲ್ಲೇ ಕೂತು ಫೋನಿನಲ್ಲಿ ವೋಟು ಹಾಕಿದ. ಖಲಾಸ್ ಅಂತ ಹೇಳಿ ಫೋನು ಕಿಸೆಗೆ ಇಳಿಸಿ ಚಾ ಕೇಳಿದ. ನಿಮ್ಮದು ಬರುವ ಭಾನುವಾರ. ನಿನ್ನ ಅತ್ತೆ ಪಾಯಸಕ್ಕೆ ಶಾವಿಗೆ ತಂದಿಟ್ಟಿದ್ದಾಳೆ.

ಥ್ಯಾಂಕ್ಸ್ ಬೇಡ. ಮುಟ್ಟಿತು ಅಂತ ಬರೆ.

ಕೊಗ್ಗ ಮಾವ

*

ನುಚೇನಿ
9 ನವೆಂಬರ್ 2023

ಮಾವ,

ಮುಟ್ಟಿತು.

ಪಾರ್ಸೆಲು ಬಂದ ದಿನ ನಾನು ಪಕ್ಕದ ಹಳ್ಳಿಯಲ್ಲಿ ಫ್ಲೂ ಲಸಿಕೆ ಹಾಕುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ ಬಸ್ಸಿಳಿದೆ. ಸಿಮೆಂಟ್ ಬೆಂಚಿನ ಮೇಲೆ ಐದು ಮುದುಕಿಯರು ನೀಲಿ ಕುಶನ್ನಿನ ಮೇಲೆ ಕೂತಿದ್ದರು. ಬೀದಿಯುದ್ದಕ್ಕೂ ಮನೆಯ ಜಗಲಿಗಳ ಮೇಲೆ ನೀಲಿ, ಹಳದಿ ಕಿಟಕಿ. ಮೊದಲು ನನಗಾದದ್ದು ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ಅಂಥ ಹೊಲಿಗೆ ಈ ಊರಿನವರು ನೋಡಿಲ್ಲ. ಆಮೇಲೆ ಡೀನಾ ಅಜ್ಜಿ ಚೀಟಿ ತೋರಿಸಿದರು. ಅಲ್ಲೇ ನಿಂತು ಎರಡು ಸಲ ಓದಿದೆ.

ಇಲ್ಲಿ ಅಭ್ಯರ್ಥಿಯ ಕಡೆಯವರು ವೋಟರಿಗೆ ಏನೂ ಕೊಡುವ ಹಾಗಿಲ್ಲ. ಹೊರದೇಶದಿಂದ ಬಂದದ್ದಾದರೆ ಮುಗಿಯಿತು. ಎರಡು ದಿನ ಮನೆಮನೆಗೆ ಹೋಗಿ ವಾಪಸು ಕೇಳಿದೆ. ಯಾರೂ ಕೊಡಲಿಲ್ಲ. ಡೀನಾ ಅಜ್ಜಿ ಕುಶನ್ ಮೇಲಿಂದ ಏಳಲೇ ಇಲ್ಲ. "ಕೊಟ್ಟವಳೂ ನೀನೇ, ಕೇಳುವವಳೂ ನೀನೇ. ನಿನಗಿಂತ ನಿನ್ನ ಮಾವನೇ ವಾಸಿ" ಅಂದರು.

ಎದುರಿನವರು ದೂರು ಕೊಟ್ಟರು. ಸಕ್ಕರೆಯ ವಿರುದ್ಧ ನಾವು ಬರೆದ ದೂರನ್ನೇ ಹಿಡಿದು, ಹೆಸರು ಮಾತ್ರ ಬದಲಾಯಿಸಿದ್ದರು. ಜಿಲ್ಲೆಯ ನ್ಯಾಯಾಲಯಕ್ಕೆ ಹನ್ನೆರಡು ಕುಶನ್ ಸಾಕ್ಷಿಗೆ ಬಂದಿದ್ದವು. ಜಾಗವಿಲ್ಲದೆ ಹೊರಗೆ ಇಟ್ಟಿದ್ದರು, ಬೇರೆ ಕೇಸಿನವರು ಅದರ ಮೇಲೆ ಕೂತಿದ್ದರು. ಇದು ನನಗೆ ತಿಳಿಯದೆ ಬಂದದ್ದು ಅಂತ ನಮ್ಮ ಮೇಷ್ಟ್ರು ವಾದಿಸಿದರು. ನ್ಯಾಯಾಧೀಶರು ಕೆಟ್ಟವರಲ್ಲ. ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಈ ಮಾವ ನಿಮಗೆ ಯಾರು? ದೂರದ ನೆಂಟನೋ?" ಹೌದು, ದೂರದವರು ಅಂದಿದ್ದರೆ ಸಾಕಿತ್ತು. ಮೇಷ್ಟ್ರು ನನ್ನ ಮುಖ ನೋಡುತ್ತಿದ್ದರು. ನಾನು, "ನನ್ನ ತಾಯಿಯ ಅಣ್ಣ. ನಮ್ಮ ಕುಟುಂಬದ ಯಜಮಾನರು. ನಮ್ಮಲ್ಲಿ ಅವರ ಮಾತು ನಡೆಯುತ್ತದೆ" ಅಂದೆ. ಅದನ್ನು ಬರೆದುಕೊಂಡರು. ಯಜಮಾನ ಕೊಟ್ಟದ್ದು ಅಂದರೆ ಅಭ್ಯರ್ಥಿಯೇ ಕೊಟ್ಟ ಹಾಗೆ ಅಂತ ತೀರ್ಪು ಬಂತು. ನಮ್ಮ ಏಳು ಜನರ ಪಟ್ಟಿಯೇ ರದ್ದಾಯಿತು.

ಮತಪತ್ರ ಆಗಲೇ ಅಚ್ಚಾಗಿತ್ತು. ನಮ್ಮ ಕಿಟಕಿಯ ಮೇಲೆ ರದ್ದು ಅಂತ ಮುದ್ರೆ ಒತ್ತಿದ್ದರು. ಆದರೂ ಮೂವತ್ತೊಂದು ಜನ ಅದರ ಮೇಲೇ ವೋಟು ಹಾಕಿದ್ದಾರೆ. ಒಂದೂ ಲೆಕ್ಕಕ್ಕೆ ಬರಲಿಲ್ಲ. ಒಂಬತ್ತನೇ ಸೀಟು ಹದಿನಾಲ್ಕು ವೋಟಿನ ಅಂತರದಲ್ಲಿ ಅವರದಾಯಿತು. ಡಿಸೆಂಬರ್ ಹದಿನಾಲ್ಕಕ್ಕೆ ಕೌನ್ಸಿಲ್ ಸಭೆ. ಆಸ್ಪತ್ರೆಯ ಬೀಗದ ಕೈ ನನ್ನ ಹತ್ತಿರವಿದೆ, ನಾನೇ ಕೊಡಬೇಕು. ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನನ್ನ ಮಾತಿನಿಂದ ಅವರ ಹೆಸರೂ ಹೋಯಿತು.

ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಎರಡು ವರ್ಷದ ಹಿಂದೆಯೇ ವಾಪಸು ಕೊಟ್ಟೆ. ಆಂದ್ರೇಯ್‌ಗೆ ಇಟಲಿಯಲ್ಲಿ ಬೇರೆ ಸಂಸಾರವಾಗಿದೆ, ಏಪ್ರಿಲಿನಿಂದ ಫೋನೂ ಇಲ್ಲ. ಇದನ್ನೆಲ್ಲ ಮೊದಲೇ ಬರೆದಿದ್ದರೆ ನೀವು ಬಾ ಅನ್ನುತ್ತಿದ್ದಿರಿ, ನಾನು ಬಂದೇಬಿಡುತ್ತಿದ್ದೆ.

ಉಪ್ಪಿನಕಾಯಿ ಬಾಟಲಿ ಒಡೆದಿರಲಿಲ್ಲ ಅಂತ ಅತ್ತೆಗೆ ಹೇಳಿ. ಇನ್ನು ಸ್ವಲ್ಪ ದಿನ ನನಗೆ ಬರೆಯಲಾಗುವುದಿಲ್ಲ.

ಪ್ರಣೀತಾ

*

ವಾದಿ ಅದಾಯ್
24 ನವೆಂಬರ್ 2023

ಪ್ರಣೀತಾ,

ನಿನ್ನ ಕಾಗದವನ್ನು ಕುಸುಮ ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದಳು. ಉಳಿದದ್ದನ್ನು ನಾನೇ ಅಕ್ಷರ ಕೂಡಿಸಿ ಓದಿದೆ. ಎರಡು ದಿನ ಹಿಡಿಯಿತು. ಓದಿದ ಮೇಲೆ ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಬೈಗುಳವೇ ಬಂತು. ಹರಿದೆ. ಇದು ಐದನೆಯದು.

ಕುಶನ್ ಹೊಲಿದದ್ದು ತಪ್ಪು ಅಂತ ನನ್ನ ಕೈ ಒಪ್ಪುವುದಿಲ್ಲ. ನಿನ್ನನ್ನು ಕೇಳದೆ ಕಳಿಸಿದ್ದು ತಪ್ಪು. ಶಾಫಿ ಮೊದಲ ದಿನವೇ ಹೇಳಿದ್ದ. "ಕೊಗ್ಗಣ್ಣ, ಎಲೆಕ್ಷನ್ ಟೈಮಲ್ಲಿ ಹೀಗೆಲ್ಲ ಕೊಡ್ಲಿಕ್ಕಿಲ್ಲ, ಒಂದು ಮಾತು ಅವಳನ್ನು ಕೇಳಿ" ಅಂದ. ನೀನು ಹೊಲಿ, ಬಾಯಿ ಮುಚ್ಚು ಅಂತ ನಾನು ಹೇಳಿದೆ. ಅವನ ಗೊಣಗಾಟ ಅದೇ. ಕೇಳಿದರೆ ನೀನು ಬೇಡ ಅನ್ನುತ್ತಿದ್ದೆ, ಬೇಡ ಅಂದ ಮೇಲೆ ಕಳಿಸಲು ನನಗೆ ಆಗುತ್ತಿರಲಿಲ್ಲ. ನೀನೂ ಹೀಗೇ ಬರೆದಿದ್ದೆ, ಮೊದಲ ಕಾಗದದಲ್ಲಿ. ಕುಸುಮ ಅದನ್ನು ತೆಗೆದು ನನ್ನ ಮುಂದೆ ಹಿಡಿದಳು.

ಕೋರ್ಟಿನಲ್ಲಿ ದೂರದ ನೆಂಟ ಅನ್ನಬೇಕಿತ್ತು. ಅಷ್ಟು ಓದಿ ಅಷ್ಟು ತಿಳಿಯುವುದಿಲ್ಲವಾ ನಿನಗೆ? ನಾನು ಅಲ್ಲಿ ಇದ್ದಿದ್ದರೆ ನಾನೇ ಹೇಳುತ್ತಿದ್ದೆ, ಇವಳು ನನಗೆ ಯಾರೂ ಅಲ್ಲ ಅಂತ. ನನ್ನ ಬಾಯಿಗೆ ಅದು ಬರುತ್ತಿತ್ತಾ ಇಲ್ಲವಾ, ಅದು ಬೇರೆ.

ನೀನು ಮುಚ್ಚಿಟ್ಟದ್ದನ್ನು ಹೇಳಿದೆ, ನಾನೂ ಹೇಳುತ್ತೇನೆ. ನೂರನಲವತ್ತು ಹೊಲಿಯಲು ನನಗೆ ಬಿಡುವು ಎಲ್ಲಿಂದ ಬಂತು ಅಂತ ನೀನು ಕೇಳಲಿಲ್ಲ. ಏಪ್ರಿಲಿನಿಂದ ಅಂಗಡಿಯಲ್ಲಿ ಕೆಲಸ ಇಲ್ಲ. ಈಗ ಸೀಟ್ ಕವರ್ ರೆಡಿಮೇಡ್ ಬರುತ್ತದೆ, ಜನ ಫೋನಿನಲ್ಲಿ ತರಿಸಿ ತಾವೇ ಹಾಕುತ್ತಾರೆ. ಕಫೀಲ್ ಲೈಸೆನ್ಸ್ ಮುಚ್ಚುತ್ತಾನೆ, ವಯಸ್ಸಾಯಿತು ಅನ್ನುತ್ತಾನೆ, ಅವನ ಮೇಲೆ ನನಗೆ ಸಿಟ್ಟಿಲ್ಲ. ಡಿಸೆಂಬರ್ ಮೂವತ್ತೊಂದಕ್ಕೆ ಈ ದೇಶದಲ್ಲಿ ಇರಲು ಕೊಟ್ಟ ನನ್ನ ಕಾರ್ಡು ಮುಗಿಯುತ್ತದೆ. ಶಾಫಿ ಬೇರೆ ಕಡೆ ನೋಡಿಕೊಂಡಿದ್ದಾನೆ. ನಾವಿಬ್ಬರು ಕಿನ್ನಿಗೋಳಿಗೆ. ಆಗಸ್ಟಿನಲ್ಲಿ ಅಲ್ ಖೌದಿನ ಕೆಲಸದ ಮಾತು ಎತ್ತಿದ್ದು ಅದಕ್ಕೇ. ಇನ್ನು ನಾಲ್ಕು ತಿಂಗಳು ಮಾತ್ರ ಉಂಟು, ಅಷ್ಟರೊಳಗೆ ನೀನು ಇಲ್ಲಿಗೆ ಬಂದು ನೆಲೆ ನಿಂತರೆ ನಾನು ನೋಡಿ ಹೋಗಬಹುದು ಅಂತ. ಆ ಕ್ಲಿನಿಕ್ಕಿನಲ್ಲಿ ಈಗ ಬೇರೆ ಡಾಕ್ಟರು ಬಂದು ಕೂತಾಗಿದೆ. ಹಾಗಾಗಿ ಕೆಲಸ ಉಂಟು ಅಂತ ನಾನು ಹೇಳುವುದಿಲ್ಲ.

ಹದಿನೆಂಟನೇ ತಾರೀಕು ಇಲ್ಲಿಯ ರಾಷ್ಟ್ರೀಯ ದಿನ. ಹಿಂದೆ ನವೆಂಬರ್ ಬಂದರೆ ಕಾರಿಗೆ ಬಾವುಟದ ಬಣ್ಣದ ಕವರು ಹೊಲಿಸಲು ಜನ ಸಾಲು ನಿಲ್ಲುತ್ತಿದ್ದರು. ಈ ಸಲ ಒಬ್ಬ ಬಂದ. ಹೊಲಿಗೆ ಬಿಚ್ಚಿದ ಮಗುವಿನ ಸೀಟು ರಿಪೇರಿ. ಅದೇ ಕೊನೆಯದು. ನಿನ್ನ ನೀಲಿ ರೆಕ್ಸಿನ್ ಒಂದು ತುಂಡು ಉಳಿದಿತ್ತು, ಅದನ್ನು ಒಳಗೆ ಕೊಟ್ಟು ಹೊಲಿದೆ.

ಈಗ ಮುಖ್ಯ ಮಾತು. ನನ್ನ ಕಾರ್ಡು ಇರುವವರೆಗೆ ನಿನಗೆ ಇಲ್ಲಿಗೆ ವಿಸಿಟ್ ವೀಸಾ ಮಾಡಿಸಬಹುದು. ಕಫೀಲ್ ಮಾಡಿಸಿ ಕೊಡುತ್ತೇನೆ ಅಂದಿದ್ದಾನೆ. ಹತ್ತನೇ ತಾರೀಕಿನೊಳಗೆ ನಿನ್ನ ಆ ದೇಶದ ಪಾಸ್‌ಪೋರ್ಟಿನ ಕಾಪಿ ಬರಬೇಕು, ಆಮೇಲೆ ಅವನು ಆಫೀಸಿಗೆ ಕಾಗದ ಹಾಕುವುದಿಲ್ಲ, ಎಲ್ಲ ಮುಚ್ಚುವ ಓಡಾಟದಲ್ಲಿರುತ್ತಾನೆ. ವೀಸಾ ಆದ ಕೂಡಲೇ ಹೊರಟು ಬಂದರೆ ಎರಡು ವಾರ ನಮ್ಮ ಜೊತೆ ಇರುವಿ. ಅದರ ನಂತರ ಎಂತ ಅಂತ ನನಗೂ ಗೊತ್ತಿಲ್ಲ. ಬಾರದಿದ್ದರೆ ನಿನ್ನ ಮಾವನ ಮನೆ ಇರುವುದು ಕಿನ್ನಿಗೋಳಿಯಲ್ಲಿ, ಅಲ್ಲಿಗೆ ಬರಬೇಕಾದರೂ ನೀನು ಪರದೇಶದವಳ ಹಾಗೆ ವೀಸಾ ಕೇಳಿ ಬರಬೇಕು. ನನಗೆ ಆ ಚಳಿಯ ದೇಶಕ್ಕೆ ಬರುವ ಶಕ್ತಿ ಇಲ್ಲ. ನಾವು ಒಬ್ಬರನ್ನೊಬ್ಬರು ನೋಡಿ ಒಂಬತ್ತು ವರ್ಷವಾಯಿತು.

ಹದಿನಾಲ್ಕರ ಸಭೆ ಮುಗಿಯಲಿ ಮಾವ ಅಂತ ನೀನು ಬರೆಯುತ್ತೀ, ನನಗೆ ಗೊತ್ತುಂಟು. ಅಲ್ಲಿ ಐದು ಕೈ ಮೇಲೆ ಹೋಗುತ್ತದೆ. ನೀನು ಬಾಗಿಲಲ್ಲಿ ನಿಂತು ನೋಡಿದರೂ ಹೋಗುತ್ತದೆ, ನೋಡದಿದ್ದರೂ ಹೋಗುತ್ತದೆ. ಬೀಗದ ಕೈಯನ್ನು ಆ ನರ್ಸ್ ಕೊಡಲಿ. ಆದರೆ ನೀನು ಕೊಡಿಸುವವಳಲ್ಲ. ಕೈಯಲ್ಲೇ ಹಿಡಿದುಕೊಂಡು ನಿಲ್ಲುವವಳು. ನಿನ್ನ ಅಮ್ಮನೂ ಹಾಗೇ ಇದ್ದಳು.

ಕುಸುಮ ಆಗಲೇ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಹಾಕಬೇಡ ಅಂತ ಹೇಳಿದೆ, ಕೇಳಲಿಲ್ಲ.

ಕಾರಣ ಬರೆಯಬೇಡ, ಸಮಾಧಾನ ಬರೆಯಬೇಡ. ಬರುತ್ತೀಯಾ ಇಲ್ಲವಾ, ಒಂದು ಶಬ್ದ. ಡಿಸೆಂಬರ್ ಹತ್ತನೇ ತಾರೀಕು, ಭಾನುವಾರದೊಳಗೆ ನನಗೆ ಉತ್ತರ ಬರಬೇಕು.

ಕೊಗ್ಗ ಮಾವ